ಅರ್ಧ ಓಡಿದ ರೀಲನ್ನು ಬೇರೆ ಕ್ಯಾಮೆರಾಗೆ ಹಾಕುವುದು ಹೇಗೆ?

ಬೇಲೂರಿನ ಚೆನ್ನಕೇಶವ ಗುಡಿಗೆ ಫಿಲ್ಮ್ ಕ್ಯಾಮೆರಾ ಹಿಡಿದು ಹೋದವರಿಗೆ ಒಂದೇ ರೀಲು ಸಾಲದು. ಬಿಸಿಲಿನಲ್ಲಿ ಹೊರಗಿನ ಮದನಿಕೆಯರಿಗೆ ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂಬ ಅಳತೆ) 100 ಚೆನ್ನ. ನವರಂಗದೊಳಗೆ ಕಾಲಿಟ್ಟರೆ ಕತ್ತಲು, 400 ಬೇಕೇಬೇಕು. ಎರಡು ಕ್ಯಾಮೆರಾ ಇದ್ದರೂ ಟೆಲಿ ಲೆನ್ಸ್ ನಿಕಾನ್‌ಗೆ, ವೈಡ್ ಲೆನ್ಸ್ ಪೆಂಟಾಕ್ಸ್‌ಗೆ ಮಾತ್ರ ಕೂರುವುದಾದರೆ ರೀಲನ್ನೇ ಅತ್ತಿತ್ತ ಮಾಡಬೇಕಾಗುತ್ತದೆ. 35 ಎಂಎಂ ರೀಲಿನಲ್ಲಿ ಇದು ಸಲೀಸು. ಅದಕ್ಕಿಂತ ಅಗಲದ 120ರ ರೀಲಿನಲ್ಲಿ ಹಿಂದಕ್ಕೆ ಸುತ್ತುವ ವ್ಯವಸ್ಥೆಯೇ ಇಲ್ಲ, ಆ ಆಸೆ ಬೇಡ.

ನಿಕಾನ್ ಎಫ್‌ಎಂ2, ಪೆಂಟಾಕ್ಸ್ ಕೆ1000 ಬಗೆಯ, ಕೈಯಲ್ಲಿ ಸುತ್ತುವ ಕ್ಯಾಮೆರಾಗಳಿಗೆ ಈ ಕ್ರಮ.

ಮೊದಲು ಕೌಂಟರ್ ನೋಡಿ. ಫಿಲ್ಮನ್ನು ಮುಂದೆ ಸರಿಸುವ ಲಿವರ್ ಎಳೆದ ಮೇಲೆ 13 ತೋರಿಸಿದರೆ ತೆಗೆದದ್ದು 12. ಆಗಲೇ ಬರೆದಿಟ್ಟುಕೊಳ್ಳಿ, ಹಿಂಬಾಗಿಲು ತೆರೆದೊಡನೆ ಕೌಂಟರ್ ಶುರುವಿಗೆ ಹೋಗಿಬಿಡುತ್ತದೆ. ಆಮೇಲೆ ತಳದ ರಿವೈಂಡ್ ಗುಂಡಿ ಒತ್ತಿ. ಮರೆತು ಸುತ್ತಿದರೆ ಫಿಲ್ಮಿನ ಅಂಚಿನ ತೂತುಗಳು ಹರಿಯುತ್ತವೆ.

ಈಗ ಕ್ಯಾಮೆರಾದ ಬೆನ್ನಿಗೆ ಕಿವಿಯಿಟ್ಟು ರಿವೈಂಡ್ ಹಿಡಿಕೆಯನ್ನು ನಿಧಾನವಾಗಿ ತಿರುಗಿಸಿ. ಒಂದೇ ಸಮನೆ ಬಿಗಿ ಇರುತ್ತದೆ. ಕೊನೆಯಲ್ಲಿ ಬಿಗಿ ಇನ್ನಷ್ಟು ಹೆಚ್ಚಿ, ಸಣ್ಣಗೆ ‘ಟಕ್’ ಎಂದು ತುದಿ ಸುರುಳಿಯಿಂದ ಕಳಚಿ, ಹಿಡಿಕೆ ಹಗುರಾಗುತ್ತದೆ. ಅಲ್ಲೇ ನಿಲ್ಲಿಸಿ. ಇನ್ನೆರಡು ಸುತ್ತು ಹಾಕಿದರೆ ತುದಿ ಡಬ್ಬಿಯೊಳಗೆ ಹೋಗುತ್ತದೆ, ಆಗ ಅದನ್ನು ಹೊರಗೆಳೆಯಲು ಲೀಡರ್ ಪಿಕರ್ ಬೇಕು. ನೆರಳಿನಲ್ಲಿ ಹಿಂಬಾಗಿಲು ತೆರೆದು, ರೀಲಿನ ತುದಿಯ ಮೇಲೇ ಮಾರ್ಕರ್‌ನಿಂದ ‘12 ಆಗಿದೆ’ ಎಂದು ಬರೆಯಿರಿ. ಮುಳ್ಳಯ್ಯನಗಿರಿಯ ಮಂಜಿನಲ್ಲಂತೂ ಹೊರಗೆ ತೆರೆಯಲೇಬೇಡಿ. ಮಣ್ಣುರಸ್ತೆಯ ಧೂಳೂ ಅಷ್ಟೇ ಕೆಟ್ಟದ್ದು: ಡಬ್ಬಿಯ ಬಾಯಿಯ ಮಖಮಲ್ಲಿನಲ್ಲಿ ಒಂದು ಕಣ ಕೂತರೂ ಫಿಲ್ಮಿನ ಉದ್ದಕ್ಕೂ ಗೀರು.

ಇನ್ನೊಂದು ಕ್ಯಾಮೆರಾಗೆ ಎಂದಿನಂತೆ ರೀಲು ಹಾಕಿ, ಐಎಸ್‌ಒ ಡಯಲ್ ಬದಲಿಸಿ. ಲಿವರ್ ಎಳೆದಾಗ ರಿವೈಂಡ್ ಹಿಡಿಕೆಯೂ ತಿರುಗಬೇಕು, ತಿರುಗದಿದ್ದರೆ ತುದಿ ಜಾರಿದೆ ಎಂದರ್ಥ. ಲೆನ್ಸಿಗೆ ಮುಚ್ಚಳ ಹಾಕಿ, ಅಪರ್ಚರ್ ಎಫ್16 ಅಥವಾ 22, ಶಟರ್ 1/1000 ಮಾಡಿ, ಕ್ಯಾಮೆರಾವನ್ನು ಚೀಲದೊಳಗಿಟ್ಟು, ತೆಗೆದ ಫ್ರೇಮುಗಳನ್ನು ದಾಟಲು ಖಾಲಿ ಕ್ಲಿಕ್ ಮಾಡುತ್ತಾ ಹೋಗಿ. ಆಟೊ ಇರುವ ಕ್ಯಾಮೆರಾದಲ್ಲಿ ಶಟರನ್ನು ಆಟೊದಲ್ಲೇ ಬಿಟ್ಟರೆ, ಮುಚ್ಚಳದ ಕತ್ತಲಿಗೆ ಅದು ಬಹಳ ಹೊತ್ತು ತೆರೆದೇ ಇರುತ್ತದೆ.

ಎಲ್ಲಿ ನಿಲ್ಲಿಸಬೇಕು? ಬಹುಪಾಲು ಜನ ಎಡವುವುದು ಇಲ್ಲೇ. ಒಂದು ಫ್ರೇಮಿಗೆ 8 ತೂತು, ಅಂದರೆ 38 ಮಿ.ಮೀ. ಅದರಲ್ಲಿ ಚಿತ್ರ 36, ನಡುವಿನ ಸಂದು ಬರೀ 2 ಮಿ.ಮೀ. ರೀಲು ಹಾಕುವಾಗ ತುದಿ ಒಂದೇ ಒಂದು ತೂತು ಆಚೀಚೆಯಾದರೂ 4.75 ಮಿ.ಮೀ. ಜರುಗುತ್ತದೆ, ಚಿತ್ರದ ಮೇಲೆ ಚಿತ್ರ ಕೂರುತ್ತದೆ. ಹಾಗೆ ಕೂತದ್ದನ್ನು ಯಾವ ಲ್ಯಾಬೂ ಬಿಡಿಸಿಕೊಡಲಾರದು. ಆದ್ದರಿಂದ ಅದೇ ಕ್ಯಾಮೆರಾಗೆ ಮರಳಿ ಹಾಕುವಾಗ ಒಂದು ಫ್ರೇಮ್ ಬಿಟ್ಟು 14ರಿಂದ, ಬೇರೆ ಕ್ಯಾಮೆರಾದಲ್ಲಿ ಎರಡು ಬಿಟ್ಟು 15ರಿಂದ ಶುರುಮಾಡಿ. ಎರಡು ಫ್ರೇಮಿಗೆ ಜಿಪುಣತನ ಬೇಡ.

ಕೆಲವು ಮೋಟಾರು ಕ್ಯಾಮೆರಾಗಳು ಹಾಕಿದ ಕೂಡಲೇ ರೀಲನ್ನೆಲ್ಲ ಹೊರಗೆ ಸುತ್ತಿಕೊಂಡು, ಕೊನೆಯಿಂದ ಹಿಂದಕ್ಕೆ ತೆಗೆಯುತ್ತಾ ಬರುತ್ತವೆ. ಅಂಥದ್ದರಲ್ಲಿ ಖಾಲಿ ಕ್ಲಿಕ್ ಬೇಡ, ಹಳೆಯ 12 ಎದುರಾಗುವ ಮೊದಲೇ ನಿಲ್ಲಿಸಿದರಾಯಿತು.

ಇನ್ನೊಂದು ಮಾತು. ಒಳಗಿನ ಕತ್ತಲಿಗೆಂದು 400ರ ಕಪ್ಪುಬಿಳುಪು ರೀಲನ್ನು 1600ಕ್ಕೆ ಪುಶ್ ಮಾಡುವ (1600 ಎಂದುಕೊಂಡು ತೆಗೆದು, ಲ್ಯಾಬಿನಲ್ಲಿ ಹೆಚ್ಚು ಹೊತ್ತು ತೊಳೆಸುವ) ಯೋಚನೆಯಿದ್ದರೆ, ಎಷ್ಟು ಕ್ಯಾಮೆರಾ ಬದಲಾದರೂ ಮೊದಲಿನಿಂದ ಕೊನೆಯವರೆಗೆ 1600ರಲ್ಲೇ ತೆಗೆಯಿರಿ, ಇಡೀ ರೀಲನ್ನು ತೊಳೆಯುವುದು ಒಟ್ಟಿಗೇ. ಲ್ಯಾಬಿಗೆ ಕಳಿಸುವಾಗ ‘ಮಧ್ಯೆ ಅಂತರ ಏರುಪೇರಾಗಿದೆ, ಕತ್ತರಿಸದೆ ಕೊಡಿ’ ಎಂದು ಚೀಟಿ ಅಂಟಿಸಿ. ಸಮ ಅಂತರ ಎಂದುಕೊಂಡು ಕತ್ತರಿ ಹಾಕಿದರೆ ಅದು ಚಿತ್ರದ ನಡುವೆಯೇ ಹಾಯಬಹುದು.