ಫಾರ್ಮ್ಯಾಟ್ ಮಾಡಿಸೋಕೆ ಮುಂಚೆ ಬ್ರೌಸರ್ ಪ್ರೊಫೈಲ್ ಎತ್ತಿಟ್ಕೊಳ್ಳಿ

ನಮ್ಮ ಭಾವ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸ್ಕೊಂಡು ಬಂದ್ರು, ಅಂಗಡಿಯವ್ನು ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು, ಫೋಟೋ ಎಲ್ಲಾ ನೀಟಾಗಿ ಕಾಪಿ ಮಾಡಿಕೊಟ್ಟಿದ್ದ, ಆದ್ರೆ ಫೈರ್‌ಫಾಕ್ಸ್ ಬ್ರೌಸರ್ ಓಪನ್ ಮಾಡಿದ್ರೆ ಖಾಲಿ. ಬುಕ್‌ಮಾರ್ಕು, ಪಾಸ್‌ವರ್ಡು ಎಲ್ಲಾ ಗೋವಿಂದ.

ವಿಷ್ಯ ಏನಂದ್ರೆ, ಫೈರ್‌ಫಾಕ್ಸ್ ಪ್ರೋಗ್ರಾಮ್ ಇರೋದು ಒಂದ್ಕಡೆ, ನಿಮ್ಮ ಸಾಮಾನು ಇರೋದು ಇನ್ನೊಂದ್ಕಡೆ. ಆ ಸಾಮಾನಿನ ಗಂಟೇ ಪ್ರೊಫೈಲ್. ವಿಂಡೋಸಲ್ಲಿ ಅದು ಆಪ್‌ಡೇಟಾ ಅನ್ನೋ ಹಿಡನ್ ಫೋಲ್ಡರೊಳಗೆ ಕೂತಿರುತ್ತೆ, ಕಣ್ಣಿಗೇ ಬೀಳಲ್ಲ. ಹುಡುಕ್ತಾ ಕೂರೋದು ಬೇಡ, ಫೈರ್‌ಫಾಕ್ಸ್ ಮೆನುವಲ್ಲಿ ಹೆಲ್ಪ್ ಒತ್ತಿ, ಮೋರ್ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್‌ಗೆ ಹೋಗಿ, ಪ್ರೊಫೈಲ್ ಫೋಲ್ಡರ್ ಅಂತಿರೋದ್ರ ಪಕ್ಕದಲ್ಲಿ ಓಪನ್ ಫೋಲ್ಡರ್ ಬಟನ್ ಇದೆ. ಫೋಲ್ಡರ್ ಹೆಸ್ರು ಅರ್ಥವಿಲ್ಲದ 8 ಅಕ್ಷರ, ಆಮೇಲೆ ಒಂದು ಚುಕ್ಕೆ, ಸಾಮಾನ್ಯವಾಗಿ ಡಿಫಾಲ್ಟ್-ರಿಲೀಸ್ ಅಂತ ಇರುತ್ತೆ.

ಒಳಗೆ ರಾಶಿ ಫೈಲ್ ಇರುತ್ತೆ, ಗಾಬರಿ ಆಗ್ಬೇಡಿ. ಪ್ಲೇಸಸ್.ಎಸ್‌ಕ್ಯೂಲೈಟ್ ಅನ್ನೋದ್ರಲ್ಲಿ ಬುಕ್‌ಮಾರ್ಕೂ ಹಿಸ್ಟರಿನೂ ಒಟ್ಟಿಗೇ ಇದೆ. ಪಾಸ್‌ವರ್ಡ್‌ಗೆ ಎರಡು ಫೈಲು: ಲಾಗಿನ್ಸ್.ಜೇಸನ್ ಪೆಟ್ಟಿಗೆ, ಕೀ4.ಡಿಬಿ ಅದರ ಬೀಗದಕೈ. ಪೆಟ್ಟಿಗೆ ಮಾತ್ರ ಎತ್ಕೊಂಡು ಬಂದು ಬೀಗದಕೈ ಬಿಟ್ರೆ ಏನೂ ಪ್ರಯೋಜನ ಇಲ್ಲ. ಅದಕ್ಕೇ ಬಿಡಿ ಬಿಡಿಯಾಗಿ ಆರಿಸ್ಬೇಡಿ, ಫೈರ್‌ಫಾಕ್ಸ್ ಪೂರ್ತಿ ಕ್ಲೋಸ್ ಮಾಡಿ ಇಡೀ ಫೋಲ್ಡರ್ರೇ ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ, ಓಪನ್ ಇದ್ದಾಗ ಕಾಪಿ ಮಾಡಿದ್ರೆ ಅರ್ಧಂಬರ್ಧ ಬರೋ ಚಾನ್ಸ್ ಇದೆ. ಪ್ರೈಮರಿ ಪಾಸ್‌ವರ್ಡ್ (ಫೈರ್‌ಫಾಕ್ಸಲ್ಲಿ ಸೇವ್ ಆಗಿರೋ ಪಾಸ್‌ವರ್ಡೆಲ್ಲಾ ಕಾಯೋ ಒಂದು ಮುಖ್ಯ ಪಾಸ್‌ವರ್ಡ್) ಇಟ್ಟಿಲ್ಲ ಅಂದ್ರೆ ಆ ಪೆನ್‌ಡ್ರೈವ್ ಸಿಕ್ಕಿದವ್ರಿಗೆ ನಿಮ್ಮ ಪಾಸ್‌ವರ್ಡೆಲ್ಲಾ ಸಿಕ್ಕ ಹಾಗೇ, ಅದನ್ನ ಯಾರ್ಗೂ ಸಿನಿಮಾ ತುಂಬಿಸೋಕೆ ಕೊಡ್ಬೇಡಿ.

ವಾಪಸ್ ಹಾಕೋವಾಗ ಫೈರ್‌ಫಾಕ್ಸ್ ಇನ್‌ಸ್ಟಾಲ್ ಮಾಡಿ ಒಂದ್ಸಲ ಓಪನ್ ಮಾಡಿ, ಇದೇ ದಾರಿಲಿ ಹೊಸ ಪ್ರೊಫೈಲ್ ಫೋಲ್ಡರ್ ಓಪನ್ ಮಾಡ್ಕೊಂಡು, ಫೈರ್‌ಫಾಕ್ಸ್ ಕ್ಲೋಸ್ ಮಾಡಿ, ಹಳೇದ್ರ ಒಳಗಿರೋದನ್ನೆಲ್ಲಾ ಅಲ್ಲಿ ಪೇಸ್ಟ್ ಮಾಡಿ, ಕೇಳಿದ್ರೆ ರಿಪ್ಲೇಸ್ ಅನ್ನಿ. ಹೊಸ ಫೈರ್‌ಫಾಕ್ಸ್ ಮೊದ್ಲಿದ್ದಕ್ಕಿಂತ ಹಳೇ ವರ್ಷನ್ ಆಗಿರ್ಬಾರ್ದು ಅಷ್ಟೇ.

ಕ್ರೋಮಲ್ಲೂ ಹಿಂಗೇ ಒಂದು ಫೋಲ್ಡರ್ ಇದೆ, ಯೂಸರ್ ಡೇಟಾ ಒಳಗೆ ಡಿಫಾಲ್ಟ್ ಅಂತ, ಇನ್ನೊಂದು ಪ್ರೊಫೈಲ್ ಮಾಡಿದ್ರೆ ಪ್ರೊಫೈಲ್ 1. ಆದ್ರೆ ವಿಂಡೋಸಲ್ಲಿ ಅದರ ಪಾಸ್‌ವರ್ಡ್ ನಿಮ್ಮ ವಿಂಡೋಸ್ ಅಕೌಂಟ್‌ಗೆ ಗಂಟು ಬಿದ್ದಿರುತ್ತೆ, ಫೋಲ್ಡರ್ ಹೊತ್ಕೊಂಡು ಬೇರೆ ಮಷೀನ್‌ಗೆ ಹೋದ್ರೆ ತೆರೆಯಲ್ಲ. ಸಿಂಕ್ (ಗೂಗಲ್ ಅಕೌಂಟಲ್ಲಿ ಸೇವ್ ಆಗೋದು) ಇಲ್ದಿದ್ರೆ ಕ್ರೋಮಿನ ಪಾಸ್‌ವರ್ಡ್ ಮ್ಯಾನೇಜರಿಂದ ಸಿಎಸ್‌ವಿ ಅನ್ನೋ ಸಾದಾ ಪಟ್ಟಿ ಫೈಲಾಗಿ ಎಕ್ಸ್‌ಪೋರ್ಟ್ ಮಾಡ್ಕೊಳ್ಳಿ. ಆ ಫೈಲಲ್ಲಿ ಪಾಸ್‌ವರ್ಡ್‌ಗಳು ಬರಿಗಣ್ಣಿಗೇ ಕಾಣ್ಸುತ್ತೆ, ಇಂಪೋರ್ಟ್ ಆದ್ಮೇಲೆ ಡಿಲೀಟ್ ಮಾಡಿ, ರಿಸೈಕಲ್ ಬಿನ್ನಿಂದಾನೂ.