ತೂತಿಗೆ ತಕ್ಕ ಪಿನ್ನು

ಅಜ್ಜನ ಮಡಚುವ ಚಾಕು ನನ್ನ ಕೈಗೆ ಬಂದಾಗ ಅಲಗು ಲಟಪಟ ಅನ್ನುತ್ತಿತ್ತು. ತೆರೆದು ಹಿಡಿದು ತುದಿಯನ್ನು ಬೆರಳಲ್ಲಿ ಆಡಿಸಿದರೆ ಎಡಕ್ಕೂ ಬಲಕ್ಕೂ ಎರಡು ಮಿ.ಮೀ. ಹೋಗಿಬರುತ್ತಿತ್ತು. ಅಲಗಿನ ಬುಡದಲ್ಲಿ ಇಂಗ್ಲೆಂಡಿನ ಚಾಕುಗಳ ಊರು ‘ಶೆಫೀಲ್ಡ್’ ಅನ್ನುವ ಅಕ್ಷರ ಸವೆದಿದ್ದರೂ ಓದಲು ಬರುತ್ತಿತ್ತು. ಸಾಗರದ ಹತ್ತಿರದ ನಮ್ಮ ತೋಟದಲ್ಲಿ ಅಜ್ಜ ಅಪ್ಪೆಮಿಡಿಗೆ ಕಸಿ ಕಟ್ಟುತ್ತಿದ್ದುದು ಇದೇ ಚಾಕುವಿನಲ್ಲಿ. ಕಸಿ ಕಡ್ಡಿಯ ಓರೆ ಕೊಯ್ತ ಒಂದೇ ಎಳೆತಕ್ಕೆ ಸಪಾಟಾಗಿ ಬರಬೇಕು. ಅಲಗು ಅಲ್ಲಾಡಿದರೆ ಕೊಯ್ತ ಅಲೆಅಲೆಯಾಗುತ್ತದೆ, ಕಡ್ಡಿಗೂ ಗಿಡಕ್ಕೂ ನಡುವೆ ಸಂದು ಉಳಿಯುತ್ತದೆ, ಕಸಿ ಹಿಡಿಯುವುದಿಲ್ಲ. ಹಾಗಾಗಿ ಇದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲು ನನಗೆ ಮನಸ್ಸಿರಲಿಲ್ಲ. ಮತ್ತೆ ತೋಟಕ್ಕೆ ಹೋಗುವಂತೆ ಮಾಡಬೇಕಿತ್ತು.

ಅಲಗು ತಿರುಗುವ ಪಿನ್ನನ್ನು ಹೊರಗೆ ಹೊಡೆದಾಗ ಕಾರಣ ಸಿಕ್ಕಿತು. ಯಾವಾಗಲೋ ರಿಪೇರಿಗೆ ಕೊಟ್ಟಾಗ ಹಳೆ ಪಿನ್ನು ತೆಗೆದು ಸೈಕಲ್ ಕಡ್ಡಿ ಹಾಕಿದ್ದರು. ಸಾಮಾನ್ಯ ಸೈಕಲ್ ಕಡ್ಡಿ 2 ಮಿ.ಮೀ. ಇರುತ್ತದೆ. ಈ ತೂತು ಮೊದಲು ಒಂದಿಂಚಿನ 3/32 ಭಾಗ, ಅಂದರೆ 2.38 ಮಿ.ಮೀ. ಇದ್ದಿರಬೇಕು. ಸಣ್ಣ ಪಿನ್ನು ದೊಡ್ಡ ತೂತಿನಲ್ಲಿ ವರ್ಷಗಟ್ಟಲೆ ಆಡಿ ಆಡಿ ತೂತೇ ಮೊಟ್ಟೆಯ ಆಕಾರಕ್ಕೆ ತಿರುಗಿತ್ತು. ಡ್ರಿಲ್ ಬಿಟ್‌ಗಳ ಹಿಂಬದಿಯ ನುಣುಪು ಭಾಗವನ್ನು ಒಂದೊಂದಾಗಿ ತೂರಿಸಿ ನೋಡಿದೆ. 2.4ರದ್ದು ಸಲೀಸಾಗಿ ಹೋಯಿತು, 2.5ರದ್ದು ಬಾಯಲ್ಲೇ ನಿಂತಿತು.

ಇಲ್ಲಿ ನಾನು ಕಲಿತದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಪಿನ್ನಿನ ಸೈಜನ್ನು ಪುಸ್ತಕದಲ್ಲಿ ಹುಡುಕಬೇಡಿ. ಮೊದಲು ತೂತನ್ನು ದುಂಡಗೆ ಮಾಡಿ, ಆ ತೂತಿಗೆ ಪಿನ್ನು ಮಾಡಿ. ನಾನು 3/32 ಅಂತ ಹಟ ಹಿಡಿದು 2.38ರ ಪಿನ್ನು ಮಾಡಿಕೊಂಡಿದ್ದರೆ ಆ ಎರಡು ದಿನದ ಕೆಲಸ ದಂಡ. ಅಲಗಿನ ಬುಡಕ್ಕೆ ಅರ ತಾಗಿಸಿ ನೋಡಿದೆ, ಕಚ್ಚಿತು. ಅಂದರೆ ಅಷ್ಟು ಗಡಸಿಲ್ಲ, ರೀಮರ್, ಅಂದರೆ ತೂತನ್ನು ಹೆರೆದು ಸರಿಯಾದ ಅಳತೆಗೆ ತರುವ ಹತಾರ, ಕೆಲಸ ಮಾಡುತ್ತದೆ. ಹಿಡಿಯ ಒಳಗಿನ ಹಿತ್ತಾಳೆ ತಗಡು, ಅಲಗು ಎರಡನ್ನೂ ಜೋಡಿಸಿ ಹಿಡಿದು 2.5ರ ರೀಮರ್ ಎಣ್ಣೆ ಹಾಕಿ ಕೈಯಲ್ಲೇ ತಿರುಗಿಸಿದೆ. ಎಚ್7 ಅನ್ನುವ ನಿಖರತೆಯ ದರ್ಜೆಯ ರೀಮರ್ ಬಿಡುವ ತೂತು 2.500ರಿಂದ 2.510 ಮಿ.ಮೀ. ಒಳಗೆ ಇರುತ್ತದೆ. ಪಿನ್ನು 2.49 ಬರಬೇಕು ಅಂತ ನಿಶ್ಚಯಿಸಿದೆ. ಅಲಗು ತಿರುಗಲು ಅಷ್ಟು ಸಂದು ಸಾಕು. ಇನ್ನೂ ಎರಡು ನೂರರ ಭಾಗ, ಅಂದರೆ 0.02 ಮಿ.ಮೀ., ಸಡಿಲ ಬಿಟ್ಟರೆ ಅಲಗಿನ ತುದಿಯಲ್ಲಿ ಅದು ಕಣ್ಣಿಗೆ ಕಾಣುತ್ತದೆ.

ಇನ್ನು ರಾಡು. ಬೋಲ್‌ಸ್ಟರ್, ಅಂದರೆ ಹಿಡಿಯ ತುದಿಯ ಲೋಹದ ತುಂಡು, ಈ ಚಾಕುವಿನಲ್ಲಿ ಜರ್ಮನ್ ಸಿಲ್ವರ್. ಹೆಸರಲ್ಲಿ ಬೆಳ್ಳಿ ಇದೆ ಅಷ್ಟೇ, ಇರುವುದು ತಾಮ್ರ, ನಿಕ್ಕಲ್, ಸತು. ಪಿನ್ನೂ ಅದೇ ಲೋಹವಾದರೆ ಉಜ್ಜಿದ ಮೇಲೆ ತಲೆ ಕಾಣುವುದಿಲ್ಲ. ಹಿತ್ತಾಳೆ ಹಾಕಿದರೆ ಹಳದಿ ಚುಕ್ಕೆ ಎದ್ದು ಕಾಣುತ್ತದೆ. ಬೆಂಗಳೂರಿಗೆ ಹೋದಾಗ ಹಾರ್ಡ್‌ವೇರ್ ಅಂಗಡಿಗಳ ಎಸ್.ಜೆ.ಪಿ. ರೋಡಿನಲ್ಲಿ ಕೇಳಿದೆ. ಅಲ್ಲಿ ಕಂಬಿಗೆ ಇವತ್ತಿಗೂ ಗೇಜ್ ಲೆಕ್ಕವೇ ಜಾಸ್ತಿ ನಡೆಯುತ್ತದೆ. ಕಂಬಿಯ ದಪ್ಪವನ್ನು ನಂಬರಿನಲ್ಲಿ ಹೇಳುವ ಇದು 1884ರಲ್ಲಿ ಇಂಗ್ಲೆಂಡಿನಲ್ಲಿ ಕಾನೂನಾದ ಅಳತೆ. 10 ಗೇಜ್ ಅಂದರೆ 3.25 ಮಿ.ಮೀ., 12 ಅಂದರೆ 2.64, 14 ಅಂದರೆ 2.03, 16 ಅಂದರೆ 1.63. ಇದನ್ನು ಹಳೆ ಚಾಕುಗಳ ಇಂಚಿನ ಪಿನ್ನುಗಳ ಪಕ್ಕ ಇಟ್ಟು ನೋಡಿ. 1/8 ಇಂಚು 3.175, 3/32 ಇಂಚು 2.38, 5/64 ಇಂಚು 1.98, 1/16 ಇಂಚು 1.59. ಒಂದೊಂದು ಪಿನ್ನಿಗೂ ಅದಕ್ಕಿಂತ ಚೂರು ದಪ್ಪದ ಗೇಜ್ ಒಂದು ಇದ್ದೇ ಇದೆ! ಇದನ್ನು ಚೀಟಿಯಲ್ಲಿ ಬರೆದುಕೊಂಡ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಸರಿಯಾದ ಸೈಜು ಸಿಗದಿದ್ದರೆ ಪರವಾಗಿಲ್ಲ. ಚೂರು ದಪ್ಪದ್ದು ತಂದು ಇಳಿಸಿಕೊಂಡರಾಯಿತು.

ಸ್ಟೀಲ್ ಪಿನ್ನು ಬೇಕಾದವರು ವೆಲ್ಡಿಂಗ್ ಸಾಮಾನಿನ ಅಂಗಡಿಗೆ ಹೋಗಿ. ಟಿಗ್ ವೆಲ್ಡಿಂಗಿನ ಸ್ಟೇನ್‌ಲೆಸ್ ರಾಡು 1.6, 2.4, 3.2 ಮಿ.ಮೀ. ಸೈಜಿನಲ್ಲಿ ಸಿಗುತ್ತದೆ. 2.4ರದ್ದು 3/32ಕ್ಕೆ ಬರೀ ಎರಡು ನೂರರ ಭಾಗ ದೂರ. ಬರೀ ಎಮರಿ ಹಾಳೆಯಲ್ಲೇ ಮುಗಿದುಹೋಗುತ್ತದೆ. ಆದರೆ ಸುತ್ತಿಗೆ ಏಟಿಗೆ ಅದು ಬೇಗ ಗಡಸಾಗುತ್ತದೆ, ತಲೆ ಅಗಲಿಸುವಾಗ ಕೈಗೆ ಕಷ್ಟ.

ನಾನು ತಂದದ್ದು 12 ಗೇಜ್. 2.64ರಿಂದ 2.49ಕ್ಕೆ ಇಳಿಸಬೇಕು. ವ್ಯಾಸದಲ್ಲಿ 0.15, ಅಂದರೆ ಸುತ್ತಲೂ 0.075 ಮಿ.ಮೀ. ಮಾತ್ರ. ಜೆರಾಕ್ಸ್ ಹಾಳೆಯ ದಪ್ಪಕ್ಕಿಂತ ಕಮ್ಮಿ. ಅದನ್ನು ಎಲ್ಲ ಕಡೆ ಒಂದೇ ಸಮ ತೆಗೆಯುವುದೇ ಇಡೀ ಕೆಲಸ.

ಲೇತ್ ನನ್ನ ಹತ್ತಿರ ಇಲ್ಲ. ಇರುವುದು ಕೈ ಡ್ರಿಲ್ಲಿಂಗ್ ಮೆಷಿನ್ನು, ಬೆಂಚ್ ವೈಸು. ಡ್ರಿಲ್ ಅನ್ನು ವೈಸಿನಲ್ಲಿ ಅಡ್ಡಡ್ಡ ಬಿಗಿದು, ಚಕ್ಕಿಗೆ, ಅಂದರೆ ಬಿಟ್ ಹಿಡಿಯುವ ಬಾಯಿಗೆ, ಕಂಬಿ ಕಚ್ಚಿಸಿ, ಮೇಲೆ ಅರ ಇಟ್ಟು ಉಜ್ಜಿದೆ. ಹತ್ತು ನಿಮಿಷದ ನಂತರ ಅಳೆದರೆ ಚಕ್ಕಿನ ಹತ್ತಿರ 2.46, ತುದಿಯಲ್ಲಿ 2.58. ಚಕ್ಕಿನಿಂದ ಎರಡು ಇಂಚು ಹೊರಗೆ ಬಿಟ್ಟಿದ್ದೆ. ಅರ ಒತ್ತಿದಾಗ ತುದಿ ಬಾಗಿ ತಪ್ಪಿಸಿಕೊಳ್ಳುತ್ತಿತ್ತು, ಬುಡ ಮಾತ್ರ ಸವೆಯುತ್ತಿತ್ತು. ಆ ತುಂಡು ಹೋಯಿತು. ಎರಡನೇ ಸಲ ಬರೀ 30 ಮಿ.ಮೀ. ಹೊರಗೆ ಬಿಟ್ಟೆ. ಎದುರಿಗೆ ಬೀಟೆ ಮರದ ತುಂಡಿನಲ್ಲಿ ಒಂದು ತೂತು ಕೊರೆದು, ಕಂಬಿಯ ತುದಿಯನ್ನು ಅದರೊಳಗೆ ತಿರುಗುವಂತೆ ಕೂರಿಸಿದೆ. ಒಂದು ಹನಿ ಎಣ್ಣೆ. ಆಮೇಲೆ ಅರ ಒಂದೇ ಸದ್ದು ಮಾಡತೊಡಗಿತು. ಕಂಬಿ ಅದುರುತ್ತಿದ್ದರೆ ಕಿರ್ ಕಿರ್ ಅನ್ನುತ್ತದೆ, ಸರಿ ಕೂತಿದ್ದರೆ ಅಕ್ಕಿ ಜರಡಿ ಹಿಡಿದ ಹಾಗೆ ಸಣ್ಣಗೆ ಸರ್ ಅನ್ನುತ್ತದೆ. ಈಗ ನಾನು ಕಣ್ಣಿಗಿಂತ ಮೊದಲು ಕಿವಿ ಕೊಡುತ್ತೇನೆ. ಅರದ ಹಲ್ಲಿಗೆ ಸೀಮೆಸುಣ್ಣ ತಿಕ್ಕಿಕೊಂಡರೆ ಪುಡಿ ಕಚ್ಚಿಕೊಳ್ಳುವುದಿಲ್ಲ. ಕಚ್ಚಿಕೊಂಡ ಒಂದು ಚೂರು ಸಾಕು, ಕಂಬಿಗೆ ಸುತ್ತಲೂ ಗೀರು ಬೀಳುತ್ತದೆ.

ಎಮರಿ ಹಾಳೆಗೆ ಬಂದಾಗ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ತಿರುಗುವ ಕಂಬಿಗೆ ಹಾಳೆಯನ್ನು ಬೆರಳಿಂದ ಸುತ್ತಿ ಹಿಡಿಯಬೇಡಿ. ಸಿಕ್ಕಿಕೊಂಡರೆ ಬೆರಳನ್ನೇ ಎಳೆದುಕೊಳ್ಳುತ್ತದೆ. ಅಲ್ಲದೆ ಬೆರಳು ಮೆತ್ತಗಿರುವುದರಿಂದ ಕಂಬಿ ನಡುವೆ ಸಪೂರ ಆಗುತ್ತದೆ. ನಾನು ಎರಡು ಬಿದಿರ ದಬ್ಬೆಯನ್ನು ಒಂದು ತುದಿಯಲ್ಲಿ ಚರ್ಮದ ತುಂಡಿನಿಂದ ಕಟ್ಟಿ ಇಕ್ಕಳದ ಹಾಗೆ ಮಾಡಿಕೊಂಡಿದ್ದೇನೆ. ಒಳಗಡೆ 220ರ ಹಾಳೆ ಅಂಟಿಸಿ ಕಂಬಿಯನ್ನು ನಡುವೆ ಹಿಡಿದು ಆಚೆ ಈಚೆ ಓಡಿಸುತ್ತೇನೆ. ಆಮೇಲೆ 400, ಕೊನೆಗೆ 600. ನನ್ನ ಕೈಗೆ 220ರಲ್ಲಿ ಹತ್ತು ಸೆಕೆಂಡಿಗೆ ಸುಮಾರು ಒಂದು ನೂರರ ಭಾಗ ಇಳಿಯುತ್ತದೆ. ನಿಮ್ಮ ಕೈ ಬೇರೆ, ನಿಮ್ಮ ಲೆಕ್ಕ ನೀವೇ ನೋಡಿಕೊಳ್ಳಿ.

ಅಳತೆಗೆ ವರ್ನಿಯರ್ ಸಾಲದು. ಅದು 0.02 ಮಾತ್ರ ತೋರಿಸುತ್ತದೆ, ನಮಗೆ ಬೇಕಾದ ಸಂದೇ 0.01. ಮೈಕ್ರೋಮೀಟರ್ ಬೇಕೇ ಬೇಕು. ಮೂರು ಜಾಗದಲ್ಲಿ ಅಳೆಯಿರಿ, ಪ್ರತಿ ಜಾಗದಲ್ಲೂ ಕಂಬಿಯನ್ನು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆಯಿರಿ. ಬಿಸಿ ಇದ್ದಾಗ ಅಳೆಯಬಾರದು ಅಂತ ಹೇಳುವುದನ್ನು ಕೇಳಿದ್ದೆ. ಲೆಕ್ಕ ಹಾಕಿ ನೋಡಿದರೆ 2.5 ಮಿ.ಮೀ. ದಪ್ಪದ್ದು 50 ಡಿಗ್ರಿ ಹೆಚ್ಚು ಬಿಸಿಯಾದರೂ ಹಿಗ್ಗುವುದು ಬರೀ 2 ಮೈಕ್ರಾನ್, ಅಂದರೆ 0.002 ಮಿ.ಮೀ. ಅದಕ್ಕಿಂತ ಜಾಸ್ತಿ ಮೋಸ ಮಾಡುವುದು ಕಂಬಿಗೆ ಮೆತ್ತಿದ ಎಣ್ಣೆ ಪುಡಿ. ಒರೆಸಿ ಅಳೆಯಿರಿ.

ಈ ಕಾಲು ಸುತ್ತಿನ ಅಳತೆಯಲ್ಲೇ ನನಗೆ ಇನ್ನೊಂದು ಪೆಟ್ಟು ಬಿತ್ತು. ಒಂದು ಕಡೆ 2.52, ಕಾಲು ಸುತ್ತು ತಿರುಗಿಸಿದರೆ 2.55. ಸುರುಳಿಯಿಂದ ಕತ್ತರಿಸಿ ಕೊಟ್ಟ ಕಂಬಿ ಮೊದಲೇ ದುಂಡಗಿರಲಿಲ್ಲ. ಎಮರಿ ಕಂಬಿಯ ಜೊತೆಯೇ ಮೇಲೆ ಕೆಳಗೆ ಆಡುವುದರಿಂದ ಎಲ್ಲ ಕಡೆ ಒಂದೇ ಸಮ ತಿನ್ನುತ್ತದೆ. ಮೊಟ್ಟೆ ಆಕಾರ ಸಣ್ಣದಾಗುತ್ತದೆ, ದುಂಡಗಾಗುವುದಿಲ್ಲ. ಇದು ತಿಳಿಯದೆ ಒಂದು ಮಧ್ಯಾಹ್ನ ಪೂರ್ತಿ ಸುಮ್ನೆ ಉಜ್ಜಿದ್ದೆ.

ಉಳಿದ ಕಂಬಿ ಹಿಡಿದುಕೊಂಡು ನಮ್ಮೂರಿನ ಅಕ್ಕಸಾಲಿಗರ ಹತ್ತಿರ ಹೋದೆ. “ಆಚಾರ್ರೇ, ಇದನ್ನ ಚೂರು ಸಣ್ಣ ಮಾಡ್ಕೊಡ್ತೀರಾ?” ಅಂದೆ. ಅವರು ಕಂಬಿಯನ್ನು ಬಾಗಿಸಿ ನೋಡಿ, “ಬಂಗಾರ ಅಲ್ಲ ಮಾರಾಯ ಇದು, ಹಿಂಗೇ ಎಳೆದ್ರೆ ನನ್ನ ಪಟ್ಟಿ ಹಾಳಾಗ್ತದೆ” ಅಂದರು. ಪಟ್ಟಿ ಅಂದರೆ ಕಂಬಿಯನ್ನು ತೂರಿಸಿ ಎಳೆದು ಸಣ್ಣ ಮಾಡುವ, ತೂತುಗಳಿರುವ ಸ್ಟೀಲ್ ಹಲಗೆ. ಮೊದಲು ಮಂದವಾಗಿ ಕೆಂಪಾಗುವ ತನಕ ಕಾಯಿಸಿ ಮೆತ್ತಗೆ ಮಾಡಿದರು. ತುದಿಯನ್ನು ಅರದಲ್ಲಿ ಚೂಪು ಮಾಡಿ, ಜೇನುಮೇಣ ಸವರಿ, ತೂತಿನ ಪಟ್ಟಿಗೆ ತೂರಿಸಿ ಇಕ್ಕಳದಲ್ಲಿ ಹಿಡಿದು ಒಂದೇ ಎಳೆತ. ಬೆವರು ಬಂತು ಅವರಿಗೆ. ಹೊರಬಂದ ಕಂಬಿ ನೇರ, ದುಂಡಗೆ, ಮೊದಲಿಗಿಂತ ಗಡಸು. ಅಳೆದರೆ ಎಲ್ಲ ಕಡೆ 2.53. ಅವರ ಪಟ್ಟಿಯ ತೂತು ನನ್ನ ಅಳತೆಗೆ ಕೊರೆದದ್ದಲ್ಲ, ಹಾಗಾಗಿ ಉಳಿದ ನಾಲ್ಕು ನೂರರ ಭಾಗ ನಾನೇ ಇಳಿಸಬೇಕು. ಆದರೆ ದುಂಡು ಸಿಕ್ಕಿತು ನೋಡಿ, ಅದೇ ದೊಡ್ಡದು. ದುಡ್ಡು ತಗೊಳ್ಳಲಿಲ್ಲ ಅವರು. ಚಾಕು ಸರಿಯಾದ ಮೇಲೆ ತಂದು ತೋರಿಸು ಅಂದರು.

ಕೊನೆಯ ನಾಲ್ಕು ನೂರರ ಭಾಗಕ್ಕೆ ನಾನೂ ಒಂದೇ ತೂತಿನ ಅಂಥ ಪಟ್ಟಿ ಮಾಡಿಕೊಂಡೆ. ಮೆಷಿನ್ ಶಾಪಿನವರು ಓ.ಎಚ್.ಎನ್.ಎಸ್. ಅನ್ನುವ, ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಡಸಾಗುವ ಸ್ಟೀಲಿನ 4 ಮಿ.ಮೀ. ದಪ್ಪದ ತುಂಡು. ಅದರಲ್ಲಿ ಅದೇ 2.5ರ ರೀಮರ್‌ನಿಂದ ಒಂದು ತೂತು ಮಾಡಿ, ಅಯಸ್ಕಾಂತ ಹಿಡಿಯದಷ್ಟು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದೆ. ಕಪ್ಪು ಪದರವನ್ನು ಕಲ್ಲಿನ ಮೇಲೆ ತಿಕ್ಕಿ ತೂತಿನ ಬಾಯಿ ಚೂಪಾಗಿ ಉಳಿಯುವಂತೆ ನೋಡಿಕೊಂಡೆ. ಈಗ ಕಂಬಿಯನ್ನು 600ರ ಹಾಳೆಯಲ್ಲಿ ಉಜ್ಜುವುದು, ಒರೆಸುವುದು, ಕೈಯಲ್ಲಿ ತಿರುವುತ್ತಾ ಪಟ್ಟಿಯೊಳಗೆ ನೂಕುವುದು. ಎಲ್ಲಿ ಉಬ್ಬಿದೆಯೋ ಅಲ್ಲಿ ಹೊಳೆಯುವ ಗುರುತು ಬೀಳುತ್ತದೆ. ಅಷ್ಟನ್ನೇ ಮತ್ತೆ ಉಜ್ಜುವುದು. ಕೊನೆಯ ಹಂತದಲ್ಲಿ ತೂತಿನ ಚೂಪು ಬಾಯಿಯೇ ಕೂದಲಿನಂಥ ಎಳೆಯನ್ನು ಹೆರೆದು ಹಾಕಿತು. ಆಮೇಲೆ ಕಂಬಿ ಒಳಗೆ ಹೋದ ರೀತಿಯನ್ನು ಹೇಗೆ ಹೇಳಲಿ? ಬಿಗಿಯಲ್ಲ, ಸಡಿಲವೂ ಅಲ್ಲ. ಪಟ್ಟಿಯನ್ನು ಮೇಲೆತ್ತಿದರೆ ಕಂಬಿ ತನ್ನ ಭಾರಕ್ಕೆ ಮೆಲ್ಲಗೆ ಇಳಿಯುತ್ತಿತ್ತು. ಕೆಳಗಿನ ಬಾಯಿಗೆ ಬೆರಳು ಒತ್ತಿ ಹಿಡಿದರೆ ಅಲ್ಲೇ ನಿಲ್ಲುತ್ತಿತ್ತು. ಮೈಕ್ರೋಮೀಟರ್ 2.49 ತೋರಿಸಿತು. ಆ ಎಣ್ಣೆಗೈಯಲ್ಲೇ ಹೊರಗೆ ಹೋಗಿ ಮನೆಯವರಿಗೆಲ್ಲ ತೋರಿಸಿದೆ.

ಜೋಡಣೆ ಬೇಗ ಆಯಿತು. ಬೋಲ್‌ಸ್ಟರಿನ ತೂತಿನ ಹೊರಬಾಯಿಯನ್ನು ಚೂರು ಅಗಲಿಸಿದೆ, ಪಿನ್ನಿನ ತಲೆ ಹರಡಿ ತುಂಬಿಕೊಳ್ಳಲು. ಎರಡೂ ಕಡೆ ಒಂದು ಮಿ.ಮೀ.ಗೂ ಕಮ್ಮಿ ಹೊರಗೆ ಬಿಟ್ಟು ಕತ್ತರಿಸಿದೆ. ಅಲಗಿನ ಬುಡಕ್ಕೂ ತಗಡಿಗೂ ನಡುವೆ ಎಣ್ಣೆ ಹಚ್ಚಿದ ತೆಳು ಕಾಗದ ಇಟ್ಟೆ, ಇಲ್ಲದಿದ್ದರೆ ಸುತ್ತಿಗೆ ಏಟಿಗೆ ಅಲಗು ಬಿಗಿದುಬಿಡುತ್ತದೆ. ಸಣ್ಣ ಸುತ್ತಿಗೆಯ ಉಂಡೆ ತುದಿಯಲ್ಲಿ ಹಗುರ ಏಟು, ಆ ಕಡೆ ಹತ್ತು, ಈ ಕಡೆ ಹತ್ತು. ಕಾಗದ ಎಳೆದು ತೆಗೆದು, ತಲೆಗಳನ್ನು ಅರದಲ್ಲಿ ಸಮ ಮಾಡಿ 600ರಲ್ಲಿ ಉಜ್ಜಿದಾಗ ಪಿನ್ನು ಎಲ್ಲಿದೆ ಅಂತ ನನಗೇ ಹುಡುಕಬೇಕಾಯಿತು. ಬಿಸಿಲಿಗೆ ಓರೆ ಹಿಡಿದರೆ ಮಾತ್ರ ತೆಳ್ಳಗಿನ ಒಂದು ಬಳೆ ಕಾಣುತ್ತದೆ.

ಆಚಾರ್ರಿಗೆ ತೋರಿಸಿದೆ. ಅವರು ಅಲಗನ್ನು ತೆರೆದು, ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಎಡಕ್ಕೆ ಬಲಕ್ಕೆ ಆಡಿಸಲು ನೋಡಿದರು. ಅದು ಆಡಲಿಲ್ಲ. ಏನೂ ಹೇಳದೆ ಇನ್ನೆರಡು ಸಲ ಮಡಚಿ ತೆರೆದು ಟಕ್ ಅನ್ನಿಸಿ, ಮಗನನ್ನು ಕರೆದು ಅವನ ಕೈಗೂ ಕೊಟ್ಟರು.

ಮಾರನೇ ದಿನ ತೋಟದಲ್ಲಿ ಪೆನ್ಸಿಲ್ ದಪ್ಪದ ಅಪ್ಪೆಮಿಡಿ ಕಡ್ಡಿ ಒಂದನ್ನು ಓರೆಯಾಗಿ ಕೊಯ್ದೆ. ಒಂದೇ ಎಳೆತ. ಕೊಯ್ದ ಮೈಯನ್ನು ಇನ್ನೊಂದು ಕಡ್ಡಿಯ ಕೊಯ್ತಕ್ಕೆ ತಾಗಿಸಿ ಬೆಳಕಿಗೆ ಹಿಡಿದೆ. ನಡುವೆ ಬೆಳಕು ಬರಲಿಲ್ಲ.