ಸಿಡ್ನಿಯಿಂದ ಪರ್ತ್‌ಗೆ: ಟಿಕೆಟ್ ತೆಗೆಯುವ ಮುಂಚೆ ಇಷ್ಟು ನೋಡಿಕೊಳ್ಳಿ

ಸಿಡ್ನಿಗೆ ಬಂದ ಹೊಸದರಲ್ಲಿ ನಮ್ಮವರು "ಪರ್ತ್‌ನಲ್ಲಿ ಅಣ್ಣ ಇದ್ದಾನೆ, ಶನಿವಾರ ಹೋಗಿ ಭಾನುವಾರ ಬರ್ತೀವಿ" ಅಂತ ಸಲೀಸಾಗಿ ಹೇಳಿಬಿಡುತ್ತಾರೆ. ಒಂದೇ ದೇಶ ತಾನೇ, ಅಲ್ವಾ? ಆದರೆ ವಿಮಾನದ ನೇರ ಹಾದಿಯೇ ಸುಮಾರು 3,300 ಕಿಲೋಮೀಟರ್. ಬೆಂಗಳೂರು–ದೆಹಲಿ ದೂರದ ಹತ್ತಿರಹತ್ತಿರ ಎರಡರಷ್ಟು. ದಯವಿಟ್ಟು ಮೂರು ದಿನವಾದರೂ ರಜೆ ಇಟ್ಟುಕೊಂಡು ಹೊರಡಿ.

ಹೋಗುವಾಗ ಸುಮಾರು 5 ಗಂಟೆ ಹಿಡಿಯುತ್ತದೆ, ಬರುವಾಗ 4 ಗಂಟೆ ಚಿಲ್ಲರೆ. ಅಷ್ಟು ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಹೋಗುವಾಗ ಎದುರು ಗಾಳಿ, ಬರುವಾಗ ಬೆನ್ನ ಹಿಂದಿನ ಗಾಳಿ.

ಹೊಸಬರಿಗೆ ಜಾಸ್ತಿ ಗೊಂದಲ ಆಗುವುದು ಗಡಿಯಾರದಲ್ಲಿ. ಪರ್ತ್ ಸಿಡ್ನಿಗಿಂತ 2 ಗಂಟೆ ಹಿಂದೆ. ಅಕ್ಟೋಬರ್ ಮೊದಲ ಭಾನುವಾರದಿಂದ ಏಪ್ರಿಲ್ ಮೊದಲ ಭಾನುವಾರದವರೆಗೆ ಸಿಡ್ನಿಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಪರ್ತ್‌ನಲ್ಲಿ ಹೋಗುವುದಿಲ್ಲ. ಆಗ ವ್ಯತ್ಯಾಸ 3 ಗಂಟೆ. ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಸಮಯ. ಜುಲೈಯಲ್ಲಿ ಸಂಜೆ 6ಕ್ಕೆ ಸಿಡ್ನಿ ಬಿಟ್ಟರೆ ರಾತ್ರಿ 9ಕ್ಕೆ ಪರ್ತ್, ಜನವರಿಯಲ್ಲಾದರೆ 8ಕ್ಕೇ. ಅಲ್ಲಿಯವರ ಊಟದ ಹೊತ್ತಿಗೆ ನಿಮಗೆ ನಿದ್ದೆ ತೂಗುತ್ತಿರುತ್ತದೆ. ಮಕ್ಕಳಿದ್ದರೆ ಬೆಳಗಿನ ವಿಮಾನವೇ ವಾಸಿ.

ವಾಪಸ್ ಬರುವಾಗ ಇದು ತಿರುಗಿಬೀಳುತ್ತದೆ. ಜನವರಿಯಲ್ಲಿ ಮಧ್ಯಾಹ್ನ 2ಕ್ಕೆ ಪರ್ತ್ ಬಿಟ್ಟರೂ ಸಿಡ್ನಿಯಲ್ಲಿ ರಾತ್ರಿ 9 ದಾಟಿರುತ್ತದೆ. ಸಿಡ್ನಿ ವಿಮಾನ ನಿಲ್ದಾಣದಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಕರ್ಫ್ಯೂ ಬೇರೆ ಇದೆ, ಅಂದರೆ ಆ ಹೊತ್ತಿನಲ್ಲಿ ಸಾಮಾನ್ಯವಾಗಿ ಪ್ರಯಾಣಿಕರ ವಿಮಾನ ಇಳಿಯುವ ಹಾಗಿಲ್ಲ. ಆದ್ದರಿಂದ ಸಾಯಂಕಾಲದ ವಿಮಾನ ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಮಧ್ಯಾಹ್ನ ಹೊರಡಬೇಕು, ಇಲ್ಲಾ ರಾತ್ರಿ ಹೊರಟು ಬೆಳಿಗ್ಗೆ 6ರ ಮೇಲೆ ಇಳಿಯಬೇಕು. ರಾತ್ರಿ ವಿಮಾನದಲ್ಲಿ ನಾಲ್ಕು ಗಂಟೆ ನಿದ್ದೆಯೂ ಆಗುವುದಿಲ್ಲ. ಸೋಮವಾರ ನೇರ ಆಫೀಸಿಗೆ ಹೋಗುತ್ತೇನೆ ಅನ್ನುವವರು ಇನ್ನೊಂದು ಸಲ ಯೋಚಿಸಿ.

ಇನ್ನು ಕೈಚೀಲದ ವಿಷಯ. ಪಶ್ಚಿಮ ಆಸ್ಟ್ರೇಲಿಯಾಕ್ಕೆ ಬೇರೆ ರಾಜ್ಯದಿಂದ ಹೋದರೂ ಕ್ವಾರಂಟೈನ್ ತಪಾಸಣೆ ಉಂಟು. ಅಲ್ಲಿನ ಬೆಳೆಗೆ, ಜೇನುಹುಳುಗಳಿಗೆ ಹೊರಗಿನ ರೋಗ, ಕೀಟ ಬರಬಾರದು ಅಂತ. ತಾಜಾ ಹಣ್ಣು, ತರಕಾರಿ, ಬೀಜ, ಜೇನುತುಪ್ಪ ಇದ್ದರೆ ಹೇಳಲೇಬೇಕು. ಸಿಡ್ನಿ ಹತ್ತಿರದ ಹೆಲೆನ್ಸ್‌ಬರ್ಗ್ ದೇವಸ್ಥಾನದಲ್ಲಿ ಕೊಟ್ಟ ಪ್ರಸಾದದ ಬಾಳೆಹಣ್ಣನ್ನು ವಿಮಾನದಲ್ಲೇ ತಿಂದು ಮುಗಿಸಿ. ಅತ್ತಿಗೆಗೆ ಅಂತ ಹಿತ್ತಲ ಕರಿಬೇವು ಕಿತ್ತು ಚೀಲಕ್ಕೆ ಹಾಕಬೇಡಿ. ಚಕ್ಲಿ, ಕೋಡುಬಳೆ ಧಾರಾಳವಾಗಿ ಒಯ್ಯಿರಿ.

ಕಾರಿನಲ್ಲಿ ಹೋಗೋಣ ಅನ್ನುವವರೂ ಇದ್ದಾರೆ. ರಸ್ತೆ ಸುಮಾರು 3,900 ಕಿಲೋಮೀಟರ್. ನಡುವೆ ಸಿಗುವ ನಲ್ಲರ್‌ಬೋರ್ ಬಯಲಿನ ಕಡೆ 146 ಕಿಲೋಮೀಟರ್ ಒಂದು ತಿರುವೂ ಇಲ್ಲದ ದಾರಿ ಇದೆ. ಬಂದ ಮೊದಲ ವರ್ಷಕ್ಕೆ ಅದು ಬೇಡ.

ಪರ್ತ್‌ನಿಂದಲೇ ಸಿಂಗಪುರದ ಮೇಲೆ ಊರಿಗೆ ಹೋಗುವವರು ಟರ್ಮಿನಲ್ ನಂಬರ್ ನೋಡಿಕೊಳ್ಳಿ. 1, 2 ಒಂದು ಕಡೆ, 3, 4 ಇನ್ನೊಂದು ಕಡೆ. ನಡೆದು ಹೋಗುವ ದೂರ ಅಲ್ಲ. ನಡುವೆ ಉಚಿತ ಬಸ್ಸಿದೆ. ಎರಡು ವಿಮಾನಗಳ ಟಿಕೆಟ್ ಬೇರೆಬೇರೆ ತೆಗೆದಿದ್ದರೆ ನಡುವೆ ನಾಲ್ಕು ಗಂಟೆಯಾದರೂ ಬಿಡಿ.